ಮಾಫಿ ಬೇರೆ, ಬಿಡುಗಡೆ ಬೇರೆ

ವಿಜಯಪುರ ಜಿಲ್ಲೆಯ ತಿಕೋಟಾ, ಹೊನವಾಡದ ಕಡೆ ‘ಮಾಫಿ’ ಎಂಬ ಶಬ್ದಕ್ಕೆ ಬಿಡುವೇ ಇಲ್ಲ. ತುಂಬಿದ ಬಸ್ಸಿನಲ್ಲಿ ಕಾಲು ತುಳಿದವರು ‘ಮಾಫ್ ಮಾಡ್ರಿ ಯಪ್ಪಾ’ ಅನ್ನುತ್ತಾರೆ. ಬೇಡಲು ಬಂದವನಿಗೆ ಕೊಡಲು ಮನಸ್ಸಿಲ್ಲದವರು ‘ಮಾಫ್ ಕರೋ ಬಾಬಾ’ ಎಂದು ಮುಂದಿನ ಮನೆಗೆ ಕಳಿಸುತ್ತಾರೆ. ಅಲ್ಲಿ ಅದು ತಪ್ಪೊಪ್ಪಿಗೆಯೂ ಅಲ್ಲ, ಕ್ಷಮೆಯೂ ಅಲ್ಲ. ‘ಇಲ್ಲ, ಹೋಗು’ ಅನ್ನುವುದನ್ನೇ ಮರ್ಯಾದೆಯಿಂದ ಹೇಳುವ ರೀತಿ. ಅರಬ್ಬಿಯಲ್ಲಿ ಹುಟ್ಟಿ ಪಾರ್ಸಿಯ ಕೈಹಿಡಿದು ಬಂದ ಈ ಶಬ್ದಕ್ಕೆ ಮೂಲದಲ್ಲಿ ‘ವಿನಾಯಿತಿ ಪಡೆದದ್ದು’ ಎಂದರ್ಥ. ಹಿಂದಿನ ಆಡಳಿತಗಳಲ್ಲಿ ಕಂದಾಯ ಬಿಟ್ಟುಕೊಟ್ಟ ಜಮೀನಿಗೂ ಮಾಫಿ ಎನ್ನುವ ರೂಢಿಯಿತ್ತು.

ಈಗ ಮಾಫಿ ಎಂದರೆ ಮೊದಲು ನೆನಪಾಗುವುದು ಸಾಲ. 2018ರಲ್ಲಿ ಕುಮಾರಸ್ವಾಮಿ ಸರ್ಕಾರ ಬೆಳೆಸಾಲ ಮಾಫಿ ಘೋಷಿಸಿದ ಮೇಲಂತೂ ಎಲ್ಲರ ಬಾಯಲ್ಲೂ ಅದೇ. ಆದರೆ ಪೇಪರಿನಲ್ಲಿ ಬಂದ ಮಾತ್ರಕ್ಕೆ ರೈತ ನಂಬುವುದಿಲ್ಲ. ಜಮೀನಿನ ಉತಾರ, ಅಂದರೆ ಪಹಣಿ, ತೆಗೆಸಿ ನೋಡುತ್ತಾನೆ. ಹೆಸರಿನ ಎದುರು ಬ್ಯಾಂಕಿನ ಸಾಲದ ಬೋಜಾ ಹಾಗೇ ಕೂತಿದ್ದರೆ, ‘ಬೋಜಾ ಇನ್ನೂ ಐತಲ್ರೀ, ಎಲ್ಲಿ ಮಾಫಿ?’ ಎಂದು ಕೇಳುತ್ತಾನೆ. ಬೋಜಾ ಇಳಿದರೆ ಮಾತ್ರ ಮಾಫಿ. ಈ ಲೆಕ್ಕದಲ್ಲಿ ಅವನಿಗೆ ಗೊಂದಲವಿಲ್ಲ.

ಗೊಂದಲ ಬರುವುದು ಜೈಲಿನ ಸುದ್ದಿಯಲ್ಲಿ. ಸನ್ನಡತೆಯ ಕೈದಿಗಳು ವಿಜಯಪುರದ ದರ್ಗಾ ಜೈಲಿನಿಂದ ಹೊರಬಂದರೆ ‘ಶಿಕ್ಷಾ ಮಾಫಿ ಆತು’ ಅನ್ನುತ್ತೇವೆ. ಅದು ಸರಿಯೇ, ಉಳಿದ ಶಿಕ್ಷೆಯನ್ನು ಸರ್ಕಾರ ನಿಜವಾಗಿ ಬಿಟ್ಟುಕೊಟ್ಟಿರುತ್ತದೆ. ಭಯೋತ್ಪಾದನೆಯ ಕೇಸಿನಲ್ಲಿ ಶಿಕ್ಷೆಯಾದವನು ಸಾಯುವ ಹಂತದಲ್ಲಿದ್ದಾನೆ, ಮನೆಗೆ ಕಳಿಸುತ್ತಾರೆ ಎಂದಾಗಲೂ ಅದೇ ಶಬ್ದ ಎದ್ದು ಬರುತ್ತದೆ: ‘ಬಾಂಬ್ ಇಟ್ಟಾಂವ್ಗೂ ಮಾಫಿ ಏನ್ರೀ?’ ಪ್ರಶ್ನೆಯೊಳಗಿನ ಸಿಟ್ಟು ನ್ಯಾಯದ್ದು. ಶಬ್ದ ಮಾತ್ರ ತಪ್ಪಿದೆ.

ನಮ್ಮ ರಾಜ್ಯದ್ದೇ ಪ್ರಕರಣ ನೋಡಿ. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದ ಸೀಮೆಯ ಪಾಲಾರ್ ಬಳಿ ವೀರಪ್ಪನ್ ಗುಂಪು ಹೂತಿಟ್ಟಿದ್ದ ನೆಲಬಾಂಬುಗಳು ಸಿಡಿದು, ಅವನನ್ನು ಹುಡುಕಿ ಹೊರಟಿದ್ದ ತಂಡದ 22 ಮಂದಿ ಸತ್ತರು. ಸೈಮನ್, ಜ್ಞಾನಪ್ರಕಾಶ್, ಮೀಸೆಕಾರ ಮಾದಯ್ಯ, ಬಿಲವೇಂದ್ರನ್ ಈ ನಾಲ್ವರಿಗೆ ಭಯೋತ್ಪಾದನೆ ತಡೆಯ ಕಾಯ್ದೆಯಾದ ಟಾಡಾದಡಿಯ ಮೈಸೂರಿನ ನ್ಯಾಯಾಲಯ 2001ರಲ್ಲಿ ಜೀವಾವಧಿ ಕೊಟ್ಟಿತು. 2004ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಲ್ಲು ಶಿಕ್ಷೆಗೆ ಏರಿಸಿತು. ರಾಷ್ಟ್ರಪತಿಗೆ ಹೋದ ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೂತು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾದಾಗ ನಾಲ್ವರೂ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದರು. ಅಷ್ಟು ತಡ ಮಾಡಿದ್ದೇ ತಪ್ಪು ಎಂದು 2014ರ ಜನವರಿ 21ರಂದು ಸುಪ್ರೀಂ ಕೋರ್ಟ್ ಗಲ್ಲನ್ನು ಮತ್ತೆ ಜೀವಾವಧಿಗೆ ಇಳಿಸಿತು.

ಅವರಲ್ಲಿ ಜ್ಞಾನಪ್ರಕಾಶನಿಗೆ ಶ್ವಾಸಕೋಶದ ಕ್ಯಾನ್ಸರ್ ಆಯಿತು. ಸುಪ್ರೀಂ ಕೋರ್ಟ್ ಮಾನವೀಯ ನೆಲೆಯಲ್ಲಿ ಷರತ್ತು ಹಾಕಿ ಬಿಟ್ಟಿತು. 2022ರ ಡಿಸೆಂಬರ್‌ನಲ್ಲಿ, ಸುಮಾರು 29 ವರ್ಷಗಳ ನಂತರ, ಅವನು ಮೈಸೂರು ಜೈಲಿನಿಂದ ಹೊರಬಂದ. ಕೋರ್ಟು ಕೊಟ್ಟದ್ದು ಕ್ಷಮಾದಾನವಲ್ಲ, ಜಾಮೀನು. ಅಪರಾಧಿ ಎಂಬ ತೀರ್ಪು ಅಳಿಯಲಿಲ್ಲ, ಜೀವಾವಧಿ ಶಿಕ್ಷೆಯೂ ರದ್ದಾಗಲಿಲ್ಲ. ಉತಾರದ ಲೆಕ್ಕದಲ್ಲಿ ಹೇಳುವುದಾದರೆ ಬೋಜಾ ಇದ್ದಲ್ಲೇ ಇತ್ತು, ಮನುಷ್ಯ ಮಾತ್ರ ಹೊರಗೆ ಬಂದ.

ಸಾಲ ಮಾಫಿಯಾದಾಗ ಬ್ಯಾಂಕಿನ ದುಡ್ಡನ್ನು ಸರ್ಕಾರ ತುಂಬಿಕೊಡುತ್ತದೆ. ಪಾಲಾರಿನಲ್ಲಿ ಸತ್ತವರ ಮನೆಗೆ ಏನು ತುಂಬಿಕೊಡಲು ಬರುತ್ತದೆ? ಸಂವಿಧಾನದ 72 ಮತ್ತು 161ನೇ ವಿಧಿಗಳು ರಾಷ್ಟ್ರಪತಿಗೂ ರಾಜ್ಯಪಾಲರಿಗೂ ಕ್ಷಮಾದಾನದ ಅಧಿಕಾರ ಕೊಟ್ಟಿವೆ, ನಿಜ. ಆದರೂ ‘ಮಾಫ್ ಮಾಡೀನಿ’ ಎಂಬ ಮಾತು ಗಂಡನನ್ನೋ ಮಗನನ್ನೋ ಕಳಕೊಂಡವರ ಬಾಯಿಂದಲೇ ಬರಬೇಕು. ಬರದಿದ್ದರೆ ಕೇಳುವ ಹಕ್ಕು ಯಾರಿಗೂ ಇಲ್ಲ.

ಬಿಡುಗಡೆಗೆ ಅಷ್ಟು ದೊಡ್ಡ ಮನಸ್ಸೇನೂ ಬೇಕಿಲ್ಲ. ಅಲ್ಲಿ ಕೇಳಬೇಕಾದದ್ದು ಇಷ್ಟೇ: ಈ ದೇಹದಿಂದ ಇನ್ನು ಯಾರಿಗಾದರೂ ಅಪಾಯವಿದೆಯೇ? ಹಾಸಿಗೆಯಿಂದ ಏಳಲಾರದವನಿಗೆ ಇಬ್ಬರು ಪೊಲೀಸರನ್ನು ಕಾವಲಿಟ್ಟು ಶಿಕ್ಷೆ ಹೆಚ್ಚುವುದಿಲ್ಲ. ಹಾಸಿಗೆಯಲ್ಲೇ ಮಲಗಿ ಫೋನಿನಲ್ಲಿ ಗುಂಪು ನಡೆಸಬಲ್ಲವನಾದರೆ ಕಾಯಿಲೆಯೊಂದನ್ನೇ ನೋಡಿ ಬಿಡಬೇಕಿಲ್ಲ. ಒಬ್ಬೊಬ್ಬನ ಕಡತ ಬೇರೆ ಬೇರೆಯಾಗಿ ನೋಡಲೇಬೇಕು.

ಎರಡು ಶಬ್ದ ಕಲಸಿಹೋದರೆ ಏನಾಗುತ್ತದೆ ಎಂಬುದಕ್ಕೆ ಸ್ಕಾಟ್ಲೆಂಡಿನ ಲಾಕರ್‌ಬಿ ಸಾಕ್ಷಿ. 1988ರಲ್ಲಿ ಅಲ್ಲಿ ವಿಮಾನ ಸ್ಫೋಟಗೊಂಡು 270 ಮಂದಿ ಸತ್ತ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಲಿಬಿಯಾದ ಅಲ್ ಮೆಗ್ರಾಹಿಯನ್ನು ಸ್ಕಾಟ್ಲೆಂಡ್ ಸರ್ಕಾರ 2009ರ ಆಗಸ್ಟ್‌ನಲ್ಲಿ ಬಿಟ್ಟಿತು. ಪ್ರಾಸ್ಟೇಟ್ ಕ್ಯಾನ್ಸರ್, ಇನ್ನು ಮೂರು ತಿಂಗಳು ಎಂಬ ಅಂದಾಜಿತ್ತು. ಅವನು ಸತ್ತದ್ದು 2012ರ ಮೇನಲ್ಲಿ. ‘ಮೋಸ ಹೋದಿರಿ’ ಎಂದು ಜಗತ್ತು ಬೈಯಿತು. ವೈದ್ಯರ ಅಂದಾಜು ತಪ್ಪುವುದು ಹೊಸದಲ್ಲ. ನಿಜವಾಗಿ ಚುಚ್ಚಿದ್ದು ಟ್ರಿಪೋಲಿ ವಿಮಾನ ನಿಲ್ದಾಣದಲ್ಲಿ ಧ್ವಜ ಬೀಸಿ ಅವನನ್ನು ಎದುರುಗೊಂಡ ರೀತಿ. ಅಲ್ಲಿ ಬಿಡುಗಡೆಗೆ ಮಾಫಿಯ ವೇಷ ಹಾಕಿ ಮೆರೆಸಿದರು.

ಸಾಯುತ್ತಿರುವ ಕೈದಿ ಮನೆಗೆ ಹೋಗಲಿ ಎಂಬ ಪಕ್ಷ ನನ್ನದು, ಅವನು ಭಯೋತ್ಪಾದಕನೇ ಆಗಿದ್ದರೂ. ಆದರೆ ಹಾರ, ಮೆರವಣಿಗೆ, ಘೋಷಣೆ ಇದ್ದರೆ ಆ ದಿನವೇ ಬಿಡುಗಡೆ ರದ್ದು ಎಂಬ ಷರತ್ತು ಆದೇಶದಲ್ಲೇ ಇರಲಿ. ಇದು ಮಾಫಿಯಲ್ಲ ಎಂದು ಮೊದಲ ಸಾಲಿನಲ್ಲೇ ಬರೆದು, ಅದರ ಪ್ರತಿಯನ್ನು ಪೇಪರಿಗಿಂತ ಮೊದಲು ಸತ್ತವರ ಮನೆಗೆ ಮುಟ್ಟಿಸಲಿ.