ಆಟ ನಿಂತ ಮೇಲಿನ ಆಟ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಕಬಡ್ಡಿ ಆಡಲು ಹಣ ಬೇಕಿಲ್ಲ. ಶಾಲೆಯ ಬಯಲಿನಲ್ಲಿ ಸುಣ್ಣದ ಗೆರೆ ಎಳೆದರೆ ಅಂಕಣ ಸಿದ್ಧ. ಉಸಿರು, ತೋಳು, ತೊಡೆ ಇವೇ ಬಂಡವಾಳ. ಆದರೆ ವಯಸ್ಸು ಮೂವತ್ತು ದಾಟಿ ಮೊಣಕಾಲು ಸೋತ ಮೇಲೆ ಆಟಗಾರನ ಗತಿಯೇನು? ನಮ್ಮ ನಾಡಿನಲ್ಲಿ ಬಹುಕಾಲ ಇದಕ್ಕಿದ್ದ ಉತ್ತರ ಸರಳ. ಅದೃಷ್ಟವಂತನಿಗೆ ರೈಲ್ವೆ, ಬ್ಯಾಂಕು ಅಥವಾ ಪೊಲೀಸ್ ಇಲಾಖೆಯ ನೌಕರಿ, ಉಳಿದವರಿಗೆ ಹೊಲಮನೆ. ಹತ್ತಾರು ವರ್ಷ ಬೆವರು ಸುರಿಸಿ ಕಲಿತ ಪಟ್ಟುಗಳು ಅವರೊಂದಿಗೇ ಮರೆಯಾಗುತ್ತಿದ್ದವು.

ಮೈಗೆ ಮೈ ತಾಗಿಸಿ ಆಡುವ ಇನ್ನೊಂದು ಆಟ ಅಮೆರಿಕನ್ ಫುಟ್‌ಬಾಲ್. ಹೆಸರು ಫುಟ್‌ಬಾಲ್ ಆದರೂ ಇಲ್ಲಿ ಚೆಂಡನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದೇ ಓಡುತ್ತಾರೆ. ಎದುರಾಳಿಗಳು ಮೇಲೆರಗಿ ಕೆಡವುತ್ತಾರೆ. ಅಲ್ಲಿ ಆಟ ನಿಲ್ಲಿಸಿದವನಿಗೆ ತರಬೇತಿ ಎಂಬ ಎರಡನೆಯ ವೃತ್ತಿ ಬಹಳ ಹಿಂದೆಯೇ ತೆರೆದುಕೊಂಡಿತು. ನ್ಯೂಯಾರ್ಕ್ ಜೈಂಟ್ಸ್ ತಂಡಕ್ಕೆ ಆಡಿದ್ದ ಟಾಮ್ ಲ್ಯಾಂಡ್ರಿ 1960ರಿಂದ 1988ರವರೆಗೆ ಡಲ್ಲಾಸ್ ತಂಡವೊಂದನ್ನೇ ತಿದ್ದಿದರು. ಅವರ ಕೈಕೆಳಗೆ ಆಡಿ ಪ್ರಶಸ್ತಿ ಗೆದ್ದಿದ್ದ ಮೈಕ್ ಡಿಟ್ಕಾ, 1986ರ ಜನವರಿಯಲ್ಲಿ ಶಿಕಾಗೋ ತಂಡದ ತರಬೇತುದಾರನಾಗಿ ಅದೇ ಪ್ರಶಸ್ತಿಯನ್ನು ಮತ್ತೆ ಗೆದ್ದರು.

ಕಬಡ್ಡಿಗೆ ಈ ದಾರಿ ತಡವಾಗಿ ತೆರೆಯಿತು. 1936ರ ಬರ್ಲಿನ್ ಒಲಿಂಪಿಕ್ಸ್ ವೇಳೆ ಪ್ರದರ್ಶನಗೊಂಡ ಈ ಆಟ, ಏಷ್ಯನ್ ಕ್ರೀಡಾಕೂಟದ ಪದಕದ ಪಟ್ಟಿಗೆ ಸೇರಿದ್ದು 1990ರಲ್ಲಿ, ಬೀಜಿಂಗ್‌ನಲ್ಲಿ. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಆರಂಭವಾದ ಮೇಲೆ ಆಟಗಾರನಿಗೆ ಹಣ ಬಂತು. ತರಬೇತುದಾರನಿಗೂ ಬೆಲೆ ಬಂತು.

ಕರ್ನಾಟಕದ ಬಿ. ಸಿ. ರಮೇಶ್ ಅವರ ಜೀವನದಲ್ಲಿ ಈ ಎರಡೂ ಕಾಲಗಳು ಕೂಡುತ್ತವೆ. ಅಂಕಣದ ಒಳಗಿದ್ದಾಗ ಅವರು ಭಾರತಕ್ಕಾಗಿ ಆಡಿದರು. 2001ನೇ ಸಾಲಿನ ಅರ್ಜುನ ಪ್ರಶಸ್ತಿ ಪಡೆದರು. ಆಗ ಲೀಗ್ ಇರಲಿಲ್ಲ. ಅದು ಬಂದಾಗ ಅವರ ಸ್ಥಾನ ಅಂಕಣದ ಅಂಚಿನಲ್ಲಿತ್ತು. 2019ರ ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ಅವರ ಬೆಂಗಾಲ್ ವಾರಿಯರ್ಸ್ ತಂಡ ದಬಾಂಗ್ ದೆಹಲಿಯನ್ನು 39–34ರಿಂದ ಮಣಿಸಿ ಮೊದಲ ಬಾರಿಗೆ ಪ್ರಶಸ್ತಿ ಗೆದ್ದಿತು. ಗಾಯಗೊಂಡಿದ್ದ ನಾಯಕ ಮಣಿಂದರ್ ಸಿಂಗ್ ಅಂದು ಕಣಕ್ಕಿಳಿಯಲೇ ಇಲ್ಲ. ಮುಂದೆ ರಮೇಶ್ ಪುಣೇರಿ ಪಲ್ಟನ್ ತಂಡಕ್ಕೆ ಹೋದರು. 2022ರ ಡಿಸೆಂಬರ್‌ನಲ್ಲಿ ಆ ತಂಡ ಫೈನಲ್‌ನಲ್ಲಿ ಜೈಪುರದೆದುರು 29–33ರಿಂದ ಸೋತಿತು. ಮುಂದಿನ ಆವೃತ್ತಿಯಲ್ಲಿ, 2024ರ ಮಾರ್ಚ್ 1ರಂದು, ಹೈದರಾಬಾದಿನಲ್ಲಿ ಹರಿಯಾಣ ಸ್ಟೀಲರ್ಸ್ ವಿರುದ್ಧ 28–25ರಿಂದ ಗೆದ್ದಿತು. 2025ರಲ್ಲಿ ಬೆಂಗಳೂರು ಬುಲ್ಸ್ ಅವರನ್ನು ಮುಖ್ಯ ತರಬೇತುದಾರರನ್ನಾಗಿ ನೇಮಿಸಿಕೊಂಡಿತು. ತವರಿನ ತಂಡದ ಹೊಣೆ ಹೀಗೆ ಅವರ ಹೆಗಲೇರಿತು.

ಅಂಚಿನಲ್ಲಿ ಕೂತವನು ಮಾಡುವುದಾದರೂ ಏನು ಎಂದು ಕೇಳಬಹುದು. ಒಂದು ದಾಳಿಗೆ ಇರುವುದು 30 ಸೆಕೆಂಡು. ಸತತ ಎರಡು ದಾಳಿ ಬರಿಗೈಯಲ್ಲಿ ಮುಗಿದರೆ, ಮೂರನೆಯದರಲ್ಲಿ ಅಂಕ ತರಲೇಬೇಕು; ತರದಿದ್ದರೆ ದಾಳಿಗಾರ ಔಟ್. ಅಂಕಣದಲ್ಲಿ ಮೂವರೋ ಅದಕ್ಕಿಂತ ಕಡಿಮೆಯೋ ಉಳಿದಾಗ ಎದುರಾಳಿಯನ್ನು ಹಿಡಿದರೆ ಒಂದು ಅಂಕ ಹೆಚ್ಚು. ಆ ಮೂರನೆಯ ದಾಳಿಗೆ ಯಾರನ್ನು ಕಳಿಸಬೇಕು, ದಾಳಿಗಾರನ ಕಣಕಾಲಿಗೆ ಕೈ ಹಾಕುವವನು ಯಾರು, ಆತುರಪಡದೆ ಕಾಯುವವನು ಯಾರು ಎಂಬುದೆಲ್ಲ ಮೊದಲೇ ತೀರ್ಮಾನವಾಗಿರಬೇಕು. ಈ ಲೆಕ್ಕ ಪುಸ್ತಕದಿಂದಷ್ಟೇ ಬರುವುದಿಲ್ಲ. ಒಮ್ಮೆ ತಾನೇ ಹಿಡಿತಕ್ಕೆ ಸಿಕ್ಕಿ ಮಣ್ಣು ಮುಕ್ಕಿದವನಿಗೆ ಅದು ಬೇಗ ತಿಳಿಯುತ್ತದೆ.

ಈ ಹಾದಿಯಲ್ಲಿ ರಮೇಶ್ ಒಬ್ಬರೇ ಇಲ್ಲ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿದ್ದ ಕರ್ನಾಟಕದ ತೇಜಸ್ವಿನಿ ಬಾಯಿ, ಮುಂದೆ ಭಾರತ ಮಹಿಳಾ ತಂಡದ ತರಬೇತುದಾರರಾದರು. 2018ರ ಜಕಾರ್ತ ಕೂಟದ ಫೈನಲ್‌ನಲ್ಲಿ ಭಾರತದ ಮಹಿಳೆಯರನ್ನು ಸೋಲಿಸಿದ ಇರಾನ್ ತಂಡವನ್ನು ಪಳಗಿಸಿದ್ದು ನಾಸಿಕದ ಶೈಲಜಾ ಜೈನ್. ಗುರುವಿನ ವಿದ್ಯೆ ಹೋದ ಕಡೆ ಗೆಲುವೂ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯಲ್ಲಿ ಇಂದು ಒಂದಾಗಿರುವ ಈ ಐದೂ ತಾಲ್ಲೂಕುಗಳಿಗೆ ರಮೇಶ್ ಅವರ ಕಥೆಯಲ್ಲಿ ಒಂದು ಪಾಠವಿದೆ. ಸುಣ್ಣದ ಗೆರೆಯೊಳಗೆ ಉಸಿರು ಬಿಗಿಹಿಡಿದು ನುಗ್ಗುವ ಹುಡುಗರಿಗೆ ಬರವಿಲ್ಲ. ಗೆರೆಯಾಚೆ ನಿಂತು, ‘ಕಾಲು ಮುಂದೆ ಇಡಬೇಡ, ಕಾಯಿ’ ಎಂದು ಹೇಳಬಲ್ಲ ಹಳೆಯ ಆಟಗಾರನೂ ಬೇಕು. ಆಟ ನಿಲ್ಲಿಸಿದವನನ್ನು ಊರು ಮರೆತರೆ, ಅವನು ಕಲಿತದ್ದನ್ನು ಮುಂದಿನ ಹುಡುಗ ಮೊದಲಿನಿಂದ ಕಲಿಯಬೇಕಾಗುತ್ತದೆ.