ಧರ್ಮಸ್ಥೀಯವನ್ನು ಓದಿದ ಗ್ರಂಥಪಾಲರು

ಚಾಣಕ್ಯನೆಂದರೆ ನಮ್ಮವರಿಗೆ ಬಹುಕಾಲ ಜುಟ್ಟು ಬಿಚ್ಚಿ ಶಪಥ ಮಾಡಿ ನಂದರನ್ನು ಬೇರುಸಹಿತ ಕಿತ್ತ ಛಲಗಾರ. ಕೆಂಪುನಾರಾಯಣನ ‘ಮುದ್ರಾಮಂಜೂಷ’ವನ್ನು ಓದಿದವರು ಆತನ ತಂತ್ರಗಳನ್ನು ಬಲ್ಲರು. ಆದರೆ ಸಾಲಕ್ಕೆ ಬಡ್ಡಿಯೆಷ್ಟು, ಯಾವ ಕರಾರು ಸಲ್ಲುತ್ತದೆ, ಯಾವುದು ಸಲ್ಲದು ಎಂದು ವಿಚಾರಿಸುವ ನ್ಯಾಯಜ್ಞ ಕೌಟಿಲ್ಯನನ್ನು ನಮಗೆ ಪರಿಚಯಿಸಿದವರು ಮೈಸೂರಿನ ಒಬ್ಬ ಗ್ರಂಥಪಾಲರು, ರುದ್ರಪಟ್ಟಣದ ಶಾಮಶಾಸ್ತ್ರಿಗಳು.

ಕಾವೇರಿಯ ದಡದ ರುದ್ರಪಟ್ಟಣದಲ್ಲಿ 1868ರಲ್ಲಿ ಹುಟ್ಟಿದ ಶಾಸ್ತ್ರಿಗಳು, ಮೈಸೂರಿನಲ್ಲಿ 1891ರಲ್ಲಿ ಸ್ಥಾಪಿತವಾದ ಸರ್ಕಾರಿ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲರಾಗಿದ್ದರು. ತಂಜಾವೂರು ಸೀಮೆಯ ಪಂಡಿತರೊಬ್ಬರು ಆ ಭಂಡಾರಕ್ಕೆ ಗ್ರಂಥಲಿಪಿಯ ಓಲೆಗರಿಯ ಕಟ್ಟೊಂದನ್ನು ಒಪ್ಪಿಸಿದರು. ಪಟ್ಟಿಯಲ್ಲಿ ಹೆಸರು ಬರೆದು ಕಪಾಟಿನಲ್ಲಿಟ್ಟರೆ ಗ್ರಂಥಪಾಲನ ಕೆಲಸ ಮುಗಿಯಿತೆಂದು ತಿಳಿಯುವವರುಂಟು. ಶಾಸ್ತ್ರಿಗಳು ಕಟ್ಟು ಬಿಚ್ಚಿ ಓದಿದರು. ದಂಡಿ ಕವಿ ಆರು ಸಾವಿರ ಶ್ಲೋಕಗಳ ಪ್ರಮಾಣದ್ದೆಂದು ಹೇಳಿದ್ದ, ಲೋಕ ಕಳೆದುಹೋಯಿತೆಂದು ಭಾವಿಸಿದ್ದ ‘ಅರ್ಥಶಾಸ್ತ್ರ’ವೇ ಅದಾಗಿತ್ತು! 1905ರಿಂದ ಅನುವಾದದ ಭಾಗಗಳು ಹೊರಬಂದವು. 1909ರಲ್ಲಿ ಮೂಲ ಅಚ್ಚಾಯಿತು. 1915ರಲ್ಲಿ ಶಾಸನತಜ್ಞ ಫ್ಲೀಟರ ಪೀಠಿಕೆಯೊಡನೆ ಇಡೀ ಇಂಗ್ಲಿಷ್ ಅನುವಾದ ಪ್ರಕಟವಾಯಿತು.

ಗ್ರಂಥದ ಹದಿನೈದು ಅಧಿಕರಣಗಳಲ್ಲಿ ಮೂರನೆಯದು ‘ಧರ್ಮಸ್ಥೀಯ’. ನ್ಯಾಯಾಧೀಶರಿಗಾಗಿ ಬರೆದ ಇಪ್ಪತ್ತು ಅಧ್ಯಾಯಗಳು ಅದರಲ್ಲಿವೆ. ಗುಟ್ಟಾಗಿ, ರಾತ್ರಿಯಲ್ಲಿ, ಕಾಡಿನಲ್ಲಿ, ಮೋಸದಿಂದ ಮಾಡಿದ ವ್ಯವಹಾರ ಸಲ್ಲದು. ಆದರೆ ಕಾಡಿನಲ್ಲೇ ಬಾಳುವ ಬೇಡರೂ ಗೋವಳರೂ ಅಲ್ಲಿಯೇ ಮಾಡಿಕೊಂಡ ವ್ಯವಹಾರ ಸಲ್ಲುತ್ತದೆ. ನೂರು ಪಣದ ಸಾಲಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ. ವ್ಯಾಪಾರದ ಸಾಲಕ್ಕೆ 5 ಪಣ, ಕಾಡುದಾರಿಯ ವರ್ತಕರಿಗೆ 10, ಕಡಲ ವ್ಯಾಪಾರಿಗಳಿಗೆ 20. ಒಂದು ಕಡೆ ಘಟ್ಟ, ಇನ್ನೊಂದು ಕಡೆ ಮಂಗಳೂರಿನ ಬಂದರು ಇರುವ ನಮ್ಮ ಕುಂಬ್ರದ ಪೇಟೆಯಲ್ಲಿ ನಿಂತವನಿಗೆ ಈ ಲೆಕ್ಕದ ಮರ್ಮ ಬೇಗ ಹೊಳೆದೀತು.

ಇದರಿಂದಾದ ಪರಿಣಾಮ ಸಣ್ಣದಲ್ಲ. ಹಿಂದೂಗಳ ಕಾನೂನೆಂದರೆ ಸ್ಮೃತಿಗಳೇ, ಅದು ಕೇವಲ ಮತಧರ್ಮದ ಒಂದು ಅಂಗ ಎಂಬ ಭಾವನೆ ಪಾಶ್ಚಾತ್ಯ ವಿದ್ವಾಂಸರಲ್ಲಿ ಬಲವಾಗಿತ್ತು. ಇಲ್ಲಿಯಾದರೋ ಧರ್ಮ, ವ್ಯವಹಾರ, ಚರಿತ್ರ, ರಾಜಶಾಸನ ಎಂಬ ನಾಲ್ಕು ಪಾದಗಳನ್ನು ಹೇಳಿ, ಹಿಂದಿನದನ್ನು ಮುಂದಿನದು ಮೀರುತ್ತದೆಂದು ವಿಧಿಸಿದೆ. ಚರಿತ್ರವೆಂದರೆ ರೂಢಿಯ ನಡವಳಿ. ಅಳಿಯಕಟ್ಟನ್ನು ಕಂಡ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗ್ರಂಥದ ಕಾಲದ ಬಗ್ಗೆ ವಾದ ಎದ್ದಿತು. ಚಂದ್ರಗುಪ್ತ ಮೌರ್ಯನ ಮಂತ್ರಿಯೇ ಕರ್ತೃವೆಂಬುದು ಶಾಸ್ತ್ರಿಗಳ ನಿಲುವು. ಈಗಿನ ಹಲವು ವಿದ್ವಾಂಸರು ಅದನ್ನು ಕ್ರಿಸ್ತಶಕದ ಆರಂಭದ ಶತಮಾನಗಳಿಗೆ ತರುತ್ತಾರೆ. ಕಾಲ ಯಾವುದಾದರೂ ಆಗಲಿ, ಓಲೆಯ ಒಂದೊಂದು ಅಕ್ಷರವನ್ನೂ ಬಿಡಿಸಿದವರ ಶ್ರಮಕ್ಕೆ ಅದರಿಂದ ಊನವಿಲ್ಲ.

ನನಗೆ ಅನುವಾದಕ್ಕಿಂತಲೂ ಹಿರಿದಾಗಿ ತೋರುವುದು 1924–25ರಲ್ಲಿ ಅವರು ಹೊರತಂದ ಅರ್ಥಶಾಸ್ತ್ರದ ಪದಸೂಚಿ. ಯಾವ ಮಾತು ಎಲ್ಲಿ ಬಂದಿದೆಯೆಂದು ಮೂರು ಸಂಪುಟಗಳಲ್ಲಿ ತೋರಿಸುವ ಇಂಥ ಕೆಲಸಕ್ಕೆ ಬಿರುದು ಬರುವುದಿಲ್ಲ, ಕಣ್ಣು ಸವೆಯುತ್ತದೆ. ಅಷ್ಟು ಹೊತ್ತಿಗೆ ಅವರು ಮೈಸೂರಿನ ಪುರಾತತ್ತ್ವ ಇಲಾಖೆಯ ನಿರ್ದೇಶಕರೂ ಆಗಿದ್ದರು. ಆದರೂ ಕಾನೂನಿನ ಹಳೆಯ ಹೊತ್ತಗೆಗಳನ್ನು ಬಿಡಲಿಲ್ಲ. 1927ರಲ್ಲಿ ಒರಿಸ್ಸಾದ ಗಜಪತಿ ಪ್ರತಾಪರುದ್ರನ ‘ಸರಸ್ವತೀವಿಲಾಸ’ದ ವ್ಯವಹಾರಕಾಂಡವನ್ನು ಸಂಪಾದಿಸಿಕೊಟ್ಟರು. 1944ರಲ್ಲಿ ತೀರಿಕೊಂಡರು. ತಂಜಾವೂರಿನಿಂದ ಬಂದ ಆ ಓಲೆಗರಿಗಳು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಇಂದಿಗೂ ಇವೆ.