ಗಿಡಮೂಲಿಕೆ ಔಷಧ ಮತ್ತು ಪೂರಕಗಳ ಮಾರಾಟ ನಿಯಂತ್ರಣ (ಭಾರತ)

ಗಿಡಮೂಲಿಕೆಗಳಿಂದ ಮಾಡಿದ ಚೂರ್ಣ, ಲೇಹ್ಯ, ಅರಿಷ್ಟ, ಗುಳಿಗೆ ಹಾಗೂ ಆರೋಗ್ಯ ಪೂರಕಗಳು ಬಳಸುವವರಿಗೆ ಹಾನಿ ಮಾಡದಂತೆ ಅವುಗಳ ತಯಾರಿಕೆ, ಲೇಬಲ್, ಮಾರಾಟ ಮತ್ತು ಜಾಹೀರಾತಿನ ಮೇಲೆ ಸರ್ಕಾರ ಇಟ್ಟಿರುವ ಹತೋಟಿ. ಭಾರತದಲ್ಲಿ ಇದು ಒಂದೇ ಕಾಯಿದೆಯಿಂದ ಮೂಡಿದ್ದಲ್ಲ. ಎಂಟು ದಶಕಗಳಲ್ಲಿ ಒಂದೊಂದಾಗಿ ಸೇರುತ್ತ ಬಂದ ಕಾಯಿದೆ, ನಿಯಮ, ಆದೇಶಗಳಿಂದ ರೂಪುಗೊಂಡಿದ್ದು, ತಯಾರಕನ ಮೇಲೆ ಬಿಗಿಯಾಗಿಯೂ ಮಾರುವವನ ಮೇಲೆ ಸಡಿಲವಾಗಿಯೂ ಇರುವುದು ಇದರ ಎದ್ದು ಕಾಣುವ ಲಕ್ಷಣ.

ಕಲಬೆರಕೆ ಔಷಧಗಳ ಹಾವಳಿಯನ್ನು ಪರಿಶೀಲಿಸಲು 1930ರಲ್ಲಿ ಆರ್. ಎನ್. ಚೋಪ್ರಾ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅದರ ಶಿಫಾರಸುಗಳ ಹಿನ್ನೆಲೆಯಲ್ಲಿ ಬಂದ 1940ರ ಔಷಧ ಕಾಯಿದೆಯು ಆಯುರ್ವೇದ ಮತ್ತು ಯುನಾನಿ ಪದ್ಧತಿಗಳಲ್ಲಿ ಮಾತ್ರ ಬಳಕೆಯಾಗುವ ಔಷಧಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತು. ವೈದ್ಯನೇ ಮೂಲಿಕೆ ತಂದು, ಅರೆದು, ಕುದಿಸಿ ತನ್ನ ರೋಗಿಗೆ ಕೊಡುತ್ತಿದ್ದ ಕಾಲಕ್ಕೆ ಅದು ಹೊಂದುತ್ತಿತ್ತಾದರೂ, ಕಾರ್ಖಾನೆಯಲ್ಲಿ ತಯಾರಾಗಿ ಸೀಸೆಯಲ್ಲಿ ದೂರದೂರಿಗೆ ಹೋಗುವ ಔಷಧಕ್ಕೆ ಹೊಂದುವಂತಿರಲಿಲ್ಲ. ಆದ್ದರಿಂದ 1964ರ ತಿದ್ದುಪಡಿಯು ಕಾಯಿದೆಗೆ IV-ಎ ಅಧ್ಯಾಯವನ್ನು ಸೇರಿಸಿ, ಇಂಥ ಔಷಧಗಳ ವಾಣಿಜ್ಯ ತಯಾರಿಕೆಗೆ ಪರವಾನಗಿಯನ್ನು ಕಡ್ಡಾಯ ಮಾಡಿತು. ಸ್ವಂತ ರೋಗಿಗಳಿಗೆ ಔಷಧ ಮಾಡಿಕೊಡುವ ವೈದ್ಯರು ಮತ್ತು ಹಕೀಮರಿಗೆ ವಿನಾಯಿತಿ ಉಳಿಯಿತು. 1982ರ ತಿದ್ದುಪಡಿ ಸಿದ್ಧ ಪದ್ಧತಿಯನ್ನೂ ಸೇರಿಸಿ, ಕಲಬೆರಕೆ ಮತ್ತು ನಕಲಿ ಔಷಧ ಎಂದರೇನೆಂಬುದನ್ನು ವ್ಯಾಖ್ಯಾನಿಸಿತು.

ಕಾಯಿದೆ ಎರಡು ಬಗೆಯ ಔಷಧಗಳನ್ನು ಗುರುತಿಸುತ್ತದೆ. ಚರಕಸಂಹಿತೆ, ಸುಶ್ರುತಸಂಹಿತೆ, ಅಷ್ಟಾಂಗಹೃದಯದಂತಹ, ಮೊದಲ ಅನುಸೂಚಿಯಲ್ಲಿ ಹೆಸರಿಸಿದ ಗ್ರಂಥಗಳ ಸೂತ್ರದಂತೆ ಮಾಡಿದ್ದು ಶಾಸ್ತ್ರೀಯ ಔಷಧ. ಆ ಗ್ರಂಥಗಳಲ್ಲಿ ಹೇಳಿದ ದ್ರವ್ಯಗಳನ್ನೇ ಹೊಸ ರೀತಿಯಲ್ಲಿ ಕೂಡಿಸಿ ಕಂಪನಿ ತನ್ನದೇ ಹೆಸರಿನಲ್ಲಿ ಮಾರುವುದು ಸ್ವಾಮ್ಯದ ಔಷಧ. ಇವುಗಳಿಗೆ ಪರವಾನಗಿ ಕೇಳುವಾಗ ಸುರಕ್ಷತೆಗೂ ಪರಿಣಾಮಕ್ಕೂ ಯಾವ ಪುರಾವೆ ಒದಗಿಸಬೇಕೆಂಬುದನ್ನು 2010ರಲ್ಲಿ ಬಂದ 158-ಬಿ ನಿಯಮ ವರ್ಗವಾರು ನಿಗದಿಪಡಿಸಿತು. ಗ್ರಂಥದಲ್ಲಿದ್ದ ಮಾತ್ರಕ್ಕೆ ಎಲ್ಲವೂ ನಿರಪಾಯವಲ್ಲವೆಂಬುದನ್ನು ಕಾನೂನು ಒಪ್ಪಿದೆ. ದತ್ತೂರಿ, ಗುಲಗಂಜಿ, ಕಣಗಿಲೆ, ಕಾಸರಕ, ವತ್ಸನಾಭಿಗಳಂಥ ವಿಷದ್ರವ್ಯಗಳ ಪಟ್ಟಿಯೇ ಇ-1 ಅನುಸೂಚಿಯಲ್ಲಿದೆ. ಇವುಗಳಲ್ಲೊಂದು ಸೇರಿದ, ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಲೇಬಲ್ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸಬೇಕೆಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಬೇಕು. ಕನ್ನಡ ಮಾತ್ರ ಓದಬಲ್ಲ ರೋಗಿಗೆ ಆ ಎಚ್ಚರಿಕೆ ತಲುಪುವುದಿಲ್ಲ ಎಂಬುದು ಈ ನಿಯಮದ ದೊಡ್ಡ ಕೊರತೆ.

ತಯಾರಿಕಾ ಘಟಕದ ಶುಚಿತ್ವ, ಯಂತ್ರೋಪಕರಣ, ದಾಖಲೆ ಹಾಗೂ ಗುಣಪರೀಕ್ಷೆಗಳ ಮಾನದಂಡಗಳನ್ನು ಹೇಳುವ ಟಿ ಅನುಸೂಚಿ 2000ದಲ್ಲಿ ಬಂದಿತು. ಆದರೆ ಲೋಹಾಂಶದ ಪ್ರಶ್ನೆ ಗಂಭೀರವಾಗಿ ಚರ್ಚೆಗೆ ಬಂದದ್ದು ವಿದೇಶದ ಅಧ್ಯಯನದಿಂದ. ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿದೆಯೆಂದು ರಾಬರ್ಟ್ ಸೇಪರ್ ಮತ್ತು ಸಂಗಡಿಗರು 2004ರ ಡಿಸೆಂಬರಿನಲ್ಲಿ ಪ್ರಕಟಿಸಿದರು. ಇದರ ಬೆನ್ನಲ್ಲೇ, ಕೇವಲ ಮೂಲಿಕೆಗಳಿಂದ ಮಾಡಿದ ಔಷಧಗಳ ರಫ್ತಿಗೆ 2006ರ ಜನವರಿಯಿಂದ ಭಾರಲೋಹ ಪರೀಕ್ಷೆ ಕಡ್ಡಾಯವಾಯಿತು. ಹತ್ತು ಲಕ್ಷ ಭಾಗಗಳಲ್ಲಿ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3 ಭಾಗಗಳನ್ನು ಮೀರಕೂಡದು. ಈ ಕಟ್ಟುನಿಟ್ಟು ಸ್ವದೇಶದ ರೋಗಿಗಿಂತ ಮೊದಲು ಹೊರದೇಶದ ಗ್ರಾಹಕನಿಗೆ ಅನ್ವಯಿಸಿದ್ದು ಸಮರ್ಥನೀಯವಲ್ಲ.

ಮಾರಾಟದ ಹಂತದಲ್ಲಿ ಹತೋಟಿ ಇನ್ನೂ ತೆಳುವಾಗಿದೆ. ಅಲೋಪತಿ ಔಷಧ ಮಾರಲು ಪರವಾನಗಿ ಬೇಕು, ನೋಂದಾಯಿತ ಫಾರ್ಮಸಿಸ್ಟ್ ಇರಬೇಕು. ಆಯುರ್ವೇದ ಔಷಧ ಮಾರಲು ಈ ಕಾಯಿದೆಯಡಿ ಮಾರಾಟ ಪರವಾನಗಿಯೇ ಬೇಕಿಲ್ಲ. ಗ್ರಂಧಿಗೆ ಅಂಗಡಿ, ದಿನಸಿ ಅಂಗಡಿ, ಆನ್‌ಲೈನ್ ತಾಣ ಎಲ್ಲಿಯೂ ಅದು ಸಿಗುತ್ತದೆ. ಇದರ ಜೊತೆಗೆ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಡಿ 2016ರಲ್ಲಿ ಹೊರಟ ವಿನಿಯಮಗಳು ಆರೋಗ್ಯ ಪೂರಕಗಳನ್ನು ಆಹಾರವೆಂದು ಪರಿಗಣಿಸಿ, ಔಷಧವಾಗಿ ಬಳಸುವುದಕ್ಕಲ್ಲ ಎಂಬ ಲೇಬಲ್ ಬರಹವನ್ನು ವಿಧಿಸಿದವು. ಹೀಗಾಗಿ ಅಶ್ವಗಂಧದ ಒಂದು ಡಬ್ಬಿ ರಾಜ್ಯದ ಆಯುಷ್ ಪರವಾನಗಿ ಪಡೆದ ಔಷಧವಾಗಿರಬಹುದು, ಅದರ ಪಕ್ಕದ ಡಬ್ಬಿ ಆಹಾರ ಪರವಾನಗಿಯ ಪೂರಕವಾಗಿರಬಹುದು. ಕೊಳ್ಳುವವನಿಗೆ ಭೇದ ತಿಳಿಯುವುದು ಲೇಬಲ್‌ನ ಸಣ್ಣ ಅಕ್ಷರದ ಪರವಾನಗಿ ಸಂಖ್ಯೆಯಿಂದ ಮಾತ್ರ.

ಜಾಹೀರಾತಿನ ನಿಯಂತ್ರಣ ಇವೆಲ್ಲಕ್ಕಿಂತ ವಿವಾದಗ್ರಸ್ತವಾಗಿದೆ. ಸಕ್ಕರೆ ಕಾಯಿಲೆ, ಕ್ಯಾನ್ಸರ್, ಪಾರ್ಶ್ವವಾಯು ಸೇರಿದಂತೆ 54 ರೋಗ ಅಥವಾ ಸ್ಥಿತಿಗಳನ್ನು ಗುಣಪಡಿಸುವುದಾಗಿ ಪ್ರಚಾರ ಮಾಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಕಾಯಿದೆ ನಿಷೇಧಿಸುತ್ತದೆ. 2018ರ ಡಿಸೆಂಬರಿನಲ್ಲಿ ಬಂದ 170ನೇ ನಿಯಮ ಆಯುರ್ವೇದ, ಸಿದ್ಧ, ಯುನಾನಿ ಔಷಧಗಳ ಜಾಹೀರಾತಿಗೆ ರಾಜ್ಯ ಪ್ರಾಧಿಕಾರದ ಪೂರ್ವಾನುಮತಿಯನ್ನು ಕಡ್ಡಾಯಗೊಳಿಸಿತು. ಆ ನಿಯಮದಡಿ ಕ್ರಮ ಕೈಗೊಳ್ಳಬೇಡಿರೆಂದು ಆಯುಷ್ ಸಚಿವಾಲಯವೇ 2023ರ ಆಗಸ್ಟಿನಲ್ಲಿ ರಾಜ್ಯಗಳಿಗೆ ಬರೆಯಿತು. 2024ರ ಜುಲೈನಲ್ಲಿ ನಿಯಮವನ್ನೇ ಕೈಬಿಡಲಾಯಿತು. ಮರುತಿಂಗಳು ಇದಕ್ಕೆ ತಡೆ ನೀಡಿದ್ದ ಸರ್ವೋಚ್ಚ ನ್ಯಾಯಾಲಯವು 2025ರ ಆಗಸ್ಟಿನಲ್ಲಿ ಪ್ರಕರಣವನ್ನು ಮುಕ್ತಾಯಗೊಳಿಸಿತು. ಸುಳ್ಳು ಭರವಸೆಯ ಜಾಹೀರಾತುಗಳ ವಿರುದ್ಧ 1954ರ ಕಾಯಿದೆಯಲ್ಲದೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿಯೂ ದೂರು ಸಲ್ಲಿಸಬಹುದು.